ಹೂಂ ಅನ್ನದ ಲಮ್ಯಾಯ್

ಬಾನ್ ಡೋನ್‌ಸಿ ಊರಿನಲ್ಲಿ ಲಮ್ಯಾಯ್ ಬೀದಿಗಿಳಿದರೆ ಮೊದಲು ನಗು ಕೇಳುತ್ತಿತ್ತು, ಆಮೇಲೆ ಬಾಗಿಲು ಹಾಕಿಕೊಳ್ಳುವ ಸದ್ದು. ಅವಳ ಹೆಗಲ ಚೀಲದಲ್ಲಿ ಹದಿನೈದು ಮನೆಗಳ ಮಂದಿಯ ಹೆಸರು ಬರೆದ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಿರುತ್ತಿದ್ದವು. ಸಂಜೆ ಖಾಲಿ ಡಬ್ಬಿ ಕೊಟ್ಟು, ಬೆಳಿಗ್ಗೆ ತುಂಬಿದ್ದನ್ನು ಇಸಿದುಕೊಂಡು, ಆರೋಗ್ಯ ಕೇಂದ್ರಕ್ಕೆ ಸೈಕಲ್ಲಿನಲ್ಲಿ ಒಯ್ಯುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಊರವರ ಮಲದಲ್ಲಿ ಹುಳುವಿನ ಮೊಟ್ಟೆ ಇದೆಯೋ ಇಲ್ಲವೋ ಎಂದು ಅಲ್ಲಿ ನೋಡುತ್ತಿದ್ದರು.

"ಬಂದ್ಲಪ್ಪಾ, ನಮ್ಮ ಹೊಟ್ಟೆ ಕಸ ಗುಡ್ಸೋಳು!" ಎಂದು ಹಳೆಯ ಮುಖಂಡ ಸವಾಟ್ ಜಗಲಿಯಿಂದ ಕೂಗುತ್ತಿದ್ದ. ಎಪ್ಪತ್ತು ದಾಟಿದ್ದರೂ ಅವನ ಗಂಟಲು ಕಂಚಿನದು.

"ನಿಮ್ಮ ಬಾಯಿಂದ ಬರೋದಕ್ಕಿಂತ ಡಬ್ಬೀಲಿ ಬರೋದೇ ವಾಸಿ ದೊಡ್ಡಪ್ಪಾ. ಅದು ಸುಳ್ಳು ಹೇಳಲ್ಲ," ಎಂದು ಇವಳು ಡಬ್ಬಿ ಮುಂದಿಡುತ್ತಿದ್ದಳು.

ಓದಿದ್ದು ನಾಲ್ಕನೆಯ ತರಗತಿ. ಹದಿನೆಂಟಕ್ಕೆ ಖಮ್‌ಸಿಂಗನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವರಿಲ್ಲದ್ದಕ್ಕೋ ಏನೋ, ಅವ್ವ ತೀರಿಕೊಂಡಾಗ ಎಂಟು ವರ್ಷದವನಾಗಿದ್ದ ತಮ್ಮ ಬುನ್‌ಮಾನನ್ನು ತಾನೇ ಸಾಕಿದಳು. ಅವನಿಗೆ ಬಟ್ಟೆ ಒಗೆದಳು, ಬುತ್ತಿ ಕಟ್ಟಿದಳು, ಬೈದಳು, ಮದುವೆ ಮಾಡಿದಳು. ಈಗ ಬುನ್‌ಮಾನಿಗೆ ನಲವತ್ತಾರು. ನೀರೆತ್ತುವ ಪಂಪುಗಳ ರಿಪೇರಿಯಲ್ಲಿ ಸುತ್ತ ಏಳು ಊರಿಗೆ ಅವನೇ ಗತಿ. ತಲೆಗೂದಲಿಗೆ ಕಪ್ಪು ಬಣ್ಣ ಹಾಕುತ್ತಾನೆ, ಜೋರಾಗಿ ನಗುತ್ತಾನೆ, ಕೋಯ್ ಕಲಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಚೀ ನದಿಯ ಕಡೆಯವರಿಗೆ ಕೋಯ್ ಎಂದರೆ ಬರೀ ಊಟವಲ್ಲ, ಗಂಡಸುತನದ ಗುರುತು. ಬೆರಳುದ್ದದ ಬಿಳಿ ಮೀನನ್ನು ಹಸಿಹಸಿಯಾಗಿ ಕೊಚ್ಚಬೇಕು. ಅದಕ್ಕೆ ಹುರಿದಕ್ಕಿಯ ಪುಡಿ, ಮೆಣಸಿನ ಪುಡಿ, ಪುದೀನ ಸೇರಿಸಿ, ಮೇಲೆ ಧಾರಾಳವಾಗಿ ನಿಂಬೆ ಹಿಂಡಬೇಕು. ಕಣ್ಣೆದುರಿಗೇ ಗಾಜಿನಂತಿದ್ದ ಮಾಂಸ ಬೆಳ್ಳಗಾಗುತ್ತದೆ. "ನೋಡು, ನಿಂಬೇಲೇ ಬೆಂತು," ಎನ್ನುತ್ತಾರೆ. ಅಜ್ಜಂದಿರೂ ಹಾಗೇ ಅಂದರು, ಅಪ್ಪಂದಿರೂ ಹಾಗೇ ಅಂದರು. ಅವರಲ್ಲಿ ಎಷ್ಟೋ ಜನ ಐವತ್ತು ದಾಟುವ ಹೊತ್ತಿಗೆ ಕಣ್ಣು ಹಳದಿಯಾಗಿ, ಮೈಯೆಲ್ಲ ಕೆರೆದುಕೊಂಡು, ಹೊಟ್ಟೆ ಊದಿ ಹೋದರು. ಮೀನಿಗೂ ಹಳದಿ ಕಣ್ಣಿಗೂ ನಂಟು ಹಾಕಲು ಯಾರಿಗೂ ಮನಸ್ಸಾಗಲಿಲ್ಲ.

ಖಮ್‌ಸಿಂಗನೂ ಹಾಗೇ ಹೋದ. ಆದರೆ ಲಮ್ಯಾಯಳ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಅವನ ಸಾವೊಂದೇ ಅಲ್ಲ, ಅದಕ್ಕೂ ಎರಡು ವರ್ಷ ಹಿಂದಿನ ಒಂದು ಮಧ್ಯಾಹ್ನ. ಅವತ್ತು ಅವನನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಿದ್ದಳು. ಅಲ್ಲಿ ಹೊಟ್ಟೆಯ ಚಿತ್ರ ತೆಗೆದರು. ಡಾಕ್ಟರು ಬ್ಯಾಂಕಾಕಿನ ಭಾಷೆಯಲ್ಲಿ ಮೂರು ನಿಮಿಷ ಮಾತಾಡಿ ಒಂದು ಕಾಗದ ಕೊಟ್ಟರು. "ಅರ್ಥವಾಯಿತೇ?" ಎಂದು ಕೇಳಿದರು. ಖಮ್‌ಸಿಂಗ್ ಕೈಮುಗಿದು "ಹೂಂ" ಎಂದ. ಪಕ್ಕದಲ್ಲಿ ಕೂತಿದ್ದ ಲಮ್ಯಾಯಳೂ "ಹೂಂ" ಎಂದಳು. ದೊಡ್ಡವರಿಗೆ ತೊಂದರೆ ಕೊಡಬಾರದು, ತಮ್ಮ ಹಿಂದೆ ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ, ಮೇಲಾಗಿ ತಾನು ಆರೋಗ್ಯ ಕಾರ್ಯಕರ್ತೆ, ಗೊತ್ತಿಲ್ಲ ಅಂದರೆ ಮರ್ಯಾದೆ ಏನಾದೀತು? ಹೊರಗೆ ಬಂದು ಬೇವಿನ ಮರದ ಕೆಳಗೆ ಕಾಗದ ಬಿಡಿಸಿದಳು. ಅಕ್ಷರ ಬಂತು, ಅರ್ಥ ಬರಲಿಲ್ಲ.

"ಏನಂತೆ?" ಎಂದ ಖಮ್‌ಸಿಂಗ್.

"ಏನೂ ಇಲ್ಲ ಅನ್ಸುತ್ತೆ. ಇದ್ದಿದ್ರೆ ಗಟ್ಟಿಯಾಗಿ ಹೇಳ್ತಿದ್ರು."

ಕಾಗದದಲ್ಲಿ ಆರು ತಿಂಗಳಿಗೆ ಮತ್ತೆ ಬರಲು ಆಸ್ಪತ್ರೆಯ ಭಾಷೆಯಲ್ಲಿ ಬರೆದಿತ್ತು. ಅವರು ಮತ್ತೆ ಹೋದದ್ದು ಇಪ್ಪತ್ತೆರಡು ತಿಂಗಳಿಗೆ, ಹಳದಿ ಕಣ್ಣಿನೊಂದಿಗೆ. ಆಗ ಗಡ್ಡೆ ಕೊಯ್ದು ತೆಗೆಯುವ ಕಾಲ ಮೀರಿತ್ತು.

ಗಂಡನ ಚಿತೆಯ ಬೂದಿ ಬಾಚಿದ ಮಾರನೆಯ ದಿನ ಅವಳು ಆರೋಗ್ಯ ಕೇಂದ್ರಕ್ಕೆ ಹೋಗಿ, ನರ್ಸ್ ರಚನಿಯ ಎದುರು ಆ ಕಾಗದ ಇಟ್ಟಳು. "ಇದರಲ್ಲಿ ಒಂದೊಂದು ಮಾತಿಗೂ ಏನರ್ಥ ಅಂತ ಹೇಳು. ಗೊತ್ತಾಗೋವರೆಗೂ ನಾನು ಏಳಲ್ಲ."

ರಚನಿ ಹೇಳಿದಳು. ಮಧ್ಯಾಹ್ನವಾಯಿತು. ಲಮ್ಯಾಯ್ ಅಳಲಿಲ್ಲ. ಆವತ್ತಿನಿಂದ ತನಗೆ ಅರ್ಥವಾಗದ ಯಾವ ಮಾತಿಗೂ ಅವಳು ಹೂಂ ಅನ್ನಲಿಲ್ಲ. ಜಿಲ್ಲಾ ಕಚೇರಿಯಿಂದ ಗೋಡೆಗೆ ಅಂಟಿಸಲು ಕಳಿಸಿದ ಭಿತ್ತಿಚಿತ್ರವನ್ನು ವಾಪಸ್ ಒಯ್ದು, "ಇದನ್ನ ಬರೆದೋರು ಯಾರು? ನಮ್ಮೂರಲ್ಲಿ ಈ ಥರ ಮಾತಾಡೋರು ಯಾರೂ ಇಲ್ಲ. ಮೀನೊಳಗಿನ ಹುಳ ಇಷ್ಟು ದೊಡ್ಡದಾಗಿ ಬರ್ದಿದೀರ. ಜನ ಮೀನು ಸೀಳಿ ನೋಡ್ತಾರೆ, ಎರೆಹುಳದ ಗಾತ್ರದ್ದು ಕಾಣಲ್ಲ, ತಿಂತಾರೆ. ಕಣ್ಣಿಗೆ ಕಾಣದಷ್ಟು ಸಣ್ಣದು ಅಂತ ಯಾಕೆ ಬರ್ದಿಲ್ಲ?" ಎಂದು ಕೇಳಿದಳು. ಅಧಿಕಾರಿ ಅವಳ ಹೆಸರು ಬರೆದುಕೊಂಡ. "ಸರಿಯಾಗಿ ಬರ್ಕೊಳ್ಳಿ," ಎಂದು ಅವಳು ಎರಡು ಸಲ ಹೇಳಿದಳು.

ಆ ವರ್ಷದ ಡಬ್ಬಿಗಳಲ್ಲಿ ಬುನ್‌ಮಾನದ್ದೂ ಇತ್ತು. ಮೊಟ್ಟೆ ಸಿಕ್ಕಿತು. ಸತತ ಮೂರನೆಯ ವರ್ಷ.

ಅವನಿಗೆ ಅದೊಂದು ತಮಾಷೆ. "ಮಾತ್ರೆ ಕೊಡಕ್ಕಾ. ನುಂಗ್ತೀನಿ, ಒಂದಿನ ತಲೆ ತಿರುಗುತ್ತೆ, ಹುಳ ಸಾಯುತ್ತೆ. ಮುಂದಿನ ವರ್ಷ ಮತ್ತೆ ಕೊಡು. ಮಾತ್ರೆ ಇರೋದೇ ಅದಕ್ಕಲ್ವಾ?"

"ಮನೆ ಗುಡ್ಸಿ ಎಮ್ಮೆ ಒಳಗೆ ಬಿಟ್ಕೊಂಡಂಗಾಯ್ತು. ಪ್ರತಿ ಸಲ ಹುಳ ಕೂತು ಎದ್ದ ಜಾಗ ಗಾಯ ಆಗುತ್ತೆ ಕಣೋ. ಮಾತ್ರೆ ಹುಳ ಕೊಲ್ಲುತ್ತೆ, ಗಾಯ ಅಳ್ಸಲ್ಲ. ಮುಂದಿನ ಗುರುವಾರ ದೇವಸ್ಥಾನದ ಅಂಗಳಕ್ಕೆ ಹೊಟ್ಟೆ ಚಿತ್ರ ತೆಗಿಯೋ ವ್ಯಾನ್ ಬರುತ್ತೆ. ನಿನ್ನ ಹೆಸರು ಬರ್ಸಿದೀನಿ."

"ಅಳಿಸ್ಬಿಡು. ಗಟ್ಟಿಮುಟ್ಟಾಗಿರೋನಿಗೆ ಎಂಥ ಚಿತ್ರ?"

"ನಿನ್ನ ಭಾವನೂ ಗಟ್ಟಿಮುಟ್ಟಾಗೇ ಇದ್ರು."

ಬುನ್‌ಮಾ ಪಂಪು ಬಿಚ್ಚುತ್ತಿದ್ದ ಸ್ಪ್ಯಾನರ್ ಕೆಳಗಿಟ್ಟು ಬೇರೆ ಕಡೆ ನೋಡಿದ. ಅವನಿಗೆ ಭಾವ ಅಪ್ಪನಂತಿದ್ದ. ಆ ಮಾತು ಬಂದರೆ ಅವನು ಯಾವಾಗಲೂ ಕೆಲಸ ಹುಡುಕಿಕೊಂಡು ಏಳುತ್ತಿದ್ದ.

ವ್ಯಾನು ಬರುವುದಕ್ಕೆ ಐದು ದಿನ ಮುಂಚೆ ಖಮ್‌ಸಿಂಗ್ ತೀರಿಕೊಂಡ ನೂರನೆಯ ದಿನದ ಪುಣ್ಯಕಾರ್ಯ ಬಂತು. ಬೆಳಿಗ್ಗೆ ಒಂಬತ್ತು ಭಿಕ್ಷುಗಳು ಬಂದು ಮಂತ್ರ ಹೇಳಿ ಊಟ ಮಾಡಿ ಹೋದರು. ಆಮೇಲೆ ಊರಿನ ಊಟ. ಹೆಂಗಸರು ಅಂಟಕ್ಕಿ ಬೇಯಿಸಿ ಬಿದಿರ ಬುಟ್ಟಿಗಳಿಗೆ ತುಂಬುತ್ತಿದ್ದರು, ಪಪ್ಪಾಯಿ ಕುಟ್ಟುತ್ತಿದ್ದರು. ಯಾರ ಮನೆಯ ಸಾವಿನ ಊಟವಾದರೂ ಗಂಡಸರದ್ದೊಂದು ಬೇರೆ ಅಡುಗೆ ಕಣಜದ ಹಿಂದೆ ನಡೆಯುತ್ತದೆ. ಲಮ್ಯಾಯ್ ಎರಡು ದಿನ ಮುಂಚೆಯೇ ಎಲ್ಲರಿಗೂ ಹೇಳಿದ್ದಳು: ನನ್ನ ಮನೆಯಲ್ಲಿ ಹಸಿ ಮೀನು ಇಲ್ಲ.

ಆದರೆ ಕಣಜದ ಹಿಂದಿನಿಂದ ಮಚ್ಚಿನ ಸದ್ದು ಬಂತು. ಟಕ್ ಟಕ್ ಟಕ್, ಸಣ್ಣಗೆ, ಒಂದೇ ಲಯದಲ್ಲಿ. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಹೋದಳು.

ಎಂಟು ಗಂಡಸರು ಚಾಪೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ನಡುವೆ ದೊಡ್ಡ ಬೋಗುಣಿ. ಬುನ್‌ಮಾ ನಿಂಬೆ ಹಿಂಡುತ್ತಿದ್ದ.

"ಹೇಳಿರ್ಲಿಲ್ವಾ ನಾನು?"

"ನೋಡಕ್ಕಾ, ಬೆಳ್ಳಗಾಯ್ತು. ಬೆಂದೇಹೋಯ್ತು," ಎಂದು ಬುನ್‌ಮಾ ಬೋಗುಣಿ ಓರೆ ಮಾಡಿ ತೋರಿಸಿದ.

"ನಿಂಬೆ ಬಣ್ಣ ಬದಲಾಯ್ಸುತ್ತೆ ಅಷ್ಟೆ. ನೀನು ತಲೆಗೆ ಕಪ್ಪು ಬಳ್ಕೊಂಡ ಮಾತ್ರಕ್ಕೆ ಹುಡುಗ ಆಗ್ಬಿಟ್ಯಾ?"

ಗಂಡಸರು ಹೋ ಎಂದು ನಕ್ಕರು. ಬುನ್‌ಮಾನ ಕಿವಿ ಕೆಂಪಾಯಿತು. ಸವಾಟ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ತಮಾಷೆ ಸಾಕಮ್ಮಾ. ಇದು ಖಮ್‌ಸಿಂಗನ ಪುಣ್ಯದ ಊಟ. ಅವನಿಗೆ ಕೋಯ್ ಅಂದ್ರೆ ಪ್ರಾಣ. ಇವತ್ತು ಅದನ್ನ ಇಡದೇ ಇದ್ರೆ ಸತ್ತವನಿಗೆ ಅವಮಾನ. ಮೇಲಾಗಿ ಸಾರಾಯಿ ಬೇರೆ ಕುಡೀತೀವಿ. ಹುಳ ಇದ್ರೂ ಅಮಲಲ್ಲಿ ಸಾಯುತ್ತೆ."

"ಅಮಲಲ್ಲಿ ಸಾಯೋದಾದ್ರೆ ದೊಡ್ಡಪ್ಪಾ, ನೀವು ಎಂದೋ ಹೋಗಿರ್ಬೇಕಿತ್ತು."

ಈ ಸಲ ಯಾರೂ ನಗಲಿಲ್ಲ.

"ಸತ್ತೋರು ನನ್ನ ಗಂಡ," ಎಂದಳು ಲಮ್ಯಾಯ್. ದನಿ ಏರಿರಲಿಲ್ಲ. "ಅವರಿಗೆ ಏನಿಷ್ಟ ಅಂತ ನಿಮಗಿಂತ ನಂಗೆ ಚೆನ್ನಾಗಿ ಗೊತ್ತು. ಅವರಿಗೆ ಕೋಯ್ ಇಷ್ಟ ಇತ್ತು, ನಿಜ. ಅದಕ್ಕಿಂತ ಬದುಕೋದು ಇಷ್ಟ ಇತ್ತು. ಕೊನೇ ವಾರ ಆ ಕಿಟಕಿ ಹತ್ರ ಹಾಸಿಗೆ ಹಾಕ್ಸಿ, ನಾಟಿ ಗದ್ದೆ ನೋಡ್ತಾ, ಮುಂದಿನ ಬೆಳೇಗೆ ಯಾವ ಬೀಜ ಬಿತ್ತೋಣ ಅಂತ ನನ್ನ ಕೇಳ್ತಿದ್ರು. ನೀವ್ಯಾರೂ ಆಗ ಬರ್ಲಿಲ್ಲ. ಹಳದಿ ಮುಖ ನೋಡೋಕೆ ಹೆದ್ರಿದ್ರಿ."

ಬಗ್ಗಿ ಬೋಗುಣಿ ಎತ್ತಿಕೊಂಡಳು. ಏನು ಮಾಡುತ್ತಾಳೆಂದು ಅವರಿಗೆ ತಿಳಿಯುವಷ್ಟರಲ್ಲಿ ನಾಲ್ಕು ಹೆಜ್ಜೆ ಆಚೆಗಿದ್ದ ಒಲೆಯ ಮೇಲಿನ ಬಾಣಲೆಗೆ ಎಲ್ಲವನ್ನೂ ಸುರಿದಳು. ಚೊರ್ ಎಂದು ಹಬೆ ಎದ್ದಿತು. ಸೌಟಿನಿಂದ ತಿರುವಿದಳು, ನೀರು ಇಂಗುವ ತನಕ, ಮೀನು ಉದುರುದುರಾಗುವ ತನಕ. ಪುದೀನದ ಪರಿಮಳ ಅಂಗಳವೆಲ್ಲ ತುಂಬಿತು. ತಟ್ಟೆಗೆ ಬಡಿಸಿ ತಂದು ಚಾಪೆಯ ಮೇಲಿಟ್ಟಳು.

"ಇದು ಖಮ್‌ಸಿಂಗನ ಹೆಂಡ್ತಿ ಇಡೋ ಊಟ. ಬೇಕಾದೋರು ತಿನ್ನಿ."

ಮೂವರು ಎದ್ದು ಹೋದರು. ಸವಾಟ್ ಗೊಣಗುತ್ತಾ ಕೂತೇ ಇದ್ದ, ಹಸಿವಾಗಿತ್ತು. ಬುನ್‌ಮಾ ಎದ್ದು ನಿಂತ. "ಊರೋರ ಮುಂದೆ ನನ್ನ ಮರ್ಯಾದೆ ತೆಗ್ದೆ. ಇನ್ನು ನಿನ್ನ ಮನೆ ಮೆಟ್ಲು ಹತ್ತಲ್ಲ."

"ಹತ್ತಬೇಡ. ದೇವಸ್ಥಾನದ ಅಂಗಳಕ್ಕೆ ಮೆಟ್ಲಿಲ್ಲ. ಗುರುವಾರ ಅಲ್ಲಿಗೆ ಬಾ. ಇಲ್ಲಾ, ಹೆದ್ರಿಕೆ ಆಗುತ್ತೆ ಅಂತ ಇವರೆಲ್ಲರ ಮುಂದೆ ಹೇಳ್ಬಿಡು."

"ನಾನಾ? ಹೆದ್ರೋದಾ?" ಎಂದು ಅವನು ಎದೆ ತಟ್ಟಿಕೊಂಡ. ಆಡಿದ ಮೇಲೆ ಅವನಿಗೇ ತಿಳಿಯಿತು, ಇನ್ನು ಹೋಗದೆ ವಿಧಿಯಿಲ್ಲ.

ಗುರುವಾರ ಬೋಧಿಮರದ ಕೆಳಗೆ ವ್ಯಾನು ನಿಂತಿತು. ಬ್ಯಾಂಕಾಕಿನಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಪಟಿಪಾನ್‌ಗೆ ಇಪ್ಪತ್ತೆಂಟು ಇದ್ದೀತು. ಪರದೆಯ ಹಿಂದೆ ಒಬ್ಬೊಬ್ಬರನ್ನೇ ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ನೋಡುತ್ತಿದ್ದರು. ಆಮೇಲೆ ಮೇಜಿನ ಬಳಿ ಕೂರಿಸಿ ಕಾಗದ ಕೊಡುತ್ತಿದ್ದರು. ಮುಂಜಾನೆಯಿಂದ ಮೂವತ್ತು ಜನರಾಗಿದ್ದರು. ಲಮ್ಯಾಯ್ ಸಾಲು ನೋಡಿಕೊಳ್ಳುತ್ತಾ, ಬಾಯಿ ಬಿಡದೆ ಎಣಿಸುತ್ತಿದ್ದಳು: ಮೂವತ್ತು ಕೈಮುಗಿತ, ಮೂವತ್ತು ಹೂಂ, ಒಂದೇ ಒಂದು ಪ್ರಶ್ನೆ ಇಲ್ಲ.

ಬುನ್‌ಮಾ ಬಂದ. ಅಕ್ಕನ ಕಡೆ ನೋಡಲಿಲ್ಲ. ಜೊತೆಗೆ ನಾಲ್ವರು ಗೆಳೆಯರನ್ನು ಸಾಕ್ಷಿಗೆಂದು ಕರೆತಂದಿದ್ದ. ಪರದೆಯ ಹಿಂದೆ ಎಲ್ಲರಿಗಿಂತ ಹೆಚ್ಚು ಹೊತ್ತಾಯಿತು. ಹೊರಗೆ ಬಂದಾಗ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ.

ಡಾಕ್ಟರು ಪುಸ್ತಕ ಓದಿದಂತೆ ಹೇಳಿದರು: "ತಮ್ಮ ಯಕೃತ್ತಿನೊಳಗಿನ ಪಿತ್ತನಾಳಗಳ ಸುತ್ತಲೂ ನಾರುಗಟ್ಟುವಿಕೆಯ ಲಕ್ಷಣಗಳು ಗೋಚರಿಸುತ್ತಿವೆ. ಸದ್ಯಕ್ಕೆ ಗಡ್ಡೆಯ ಕುರುಹು ಇಲ್ಲ. ಆರು ತಿಂಗಳ ಅವಧಿಯಲ್ಲಿ ಮರುಪರೀಕ್ಷೆ ಅಗತ್ಯ. ಅಪಾಯಕಾರಿ ಆಹಾರವನ್ನು ವರ್ಜಿಸತಕ್ಕದ್ದು. ಅರ್ಥವಾಯಿತೇ?"

"ಹೂಂ," ಎಂದು ಬುನ್‌ಮಾ ಕೈಮುಗಿದ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಗೆಳೆಯರ ಕಡೆ ತಿರುಗಿ ಎರಡೂ ಕೈಯೆತ್ತಿದ. "ಕೇಳಿದ್ರಾ? ಗಡ್ಡೆ ಇಲ್ಲವಂತೆ! ಏನೂ ಇಲ್ಲ! ಬನ್ರೋ, ಕೆರೇಲಿ ಬಲೆ ಎಳೆಯೋಣ."

ಲಮ್ಯಾಯ್ ಸಾಲು ಬಿಟ್ಟು ಬಂದು ಅವನ ತೋಳು ಹಿಡಿದಳು. ಎಂಟು ವರ್ಷದವನನ್ನು ಕೆರೆಯಿಂದ ಎಳೆದು ತರುತ್ತಿದ್ದಂತೆಯೇ ಎಳೆದು ತಂದು ಮತ್ತೆ ಕುರ್ಚಿಯಲ್ಲಿ ಕೂರಿಸಿದಳು.

"ಡಾಕ್ಟ್ರೇ, ಇವನಿಗೆ ಅರ್ಥ ಆಗಿಲ್ಲ."

"ಈಗತಾನೇ ಆಯಿತು ಎಂದರಲ್ಲ?"

"ಅದು ನಿಮ್ಮ ಬಿಳೀ ಕೋಟಿಗೆ ಹೇಳಿದ ಹೂಂ. ನಿಮ್ಮ ಮಾತಿಗಲ್ಲ. ಇನ್ನೊಂದ್ಸಲ ಹೇಳಿ. ನಮಗೆ ಗೊತ್ತಿರೋ ಮಾತಲ್ಲಿ."

ಡಾಕ್ಟರ ಹುಬ್ಬು ಗಂಟಿಕ್ಕಿತು. "ಅಮ್ಮಾ, ಇನ್ನೂ ಅರವತ್ತು ಜನ ಇದ್ದಾರೆ. ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳುತ್ತಾ ಕೂತರೆ ಸಂಜೆಯಾಗುತ್ತದೆ."

"ಆಗ್ಲಿ. ಊಟ ನಾವು ಹಾಕ್ತೀವಿ. ಇಂಥದ್ದೇ ಒಂದು ಕಾಗದಕ್ಕೆ ನನ್ನ ಗಂಡ ಹೂಂ ಅಂದ್ರು, ನಾನೂ ಹೂಂ ಅಂದೆ. ನೂರೈದು ದಿನ ಆಯ್ತು ಅವರನ್ನ ಸುಟ್ಟು. ತಪ್ಪು ನಂದೂ ಇದೆ. ಆದ್ರೆ ಇವನನ್ನ ನಾನು ಸಾಕಿದೀನಿ ಡಾಕ್ಟ್ರೇ. ಇವನು ತನ್ನ ಬಾಯಲ್ಲಿ, ತನ್ನ ಮಾತಲ್ಲಿ, ತನ್ನ ಹೊಟ್ಟೇಲಿ ಏನಾಗಿದೆ ಅಂತ ತಿರುಗಿ ಹೇಳೋವರೆಗೂ ಈ ಕುರ್ಚಿಯಿಂದ ಏಳಲ್ಲ. ಪೊಲೀಸ್ನೋರನ್ನ ಕರೀತೀರಾ, ಕರೀರಿ."

"ಅಕ್ಕಾ, ಸುಮ್ನಿರೇ, ಎಲ್ಲಾ ನೋಡ್ತಾವ್ರೆ," ಎಂದು ಬುನ್‌ಮಾ ಪಿಸುಗುಟ್ಟಿದ.

"ನೋಡ್ಲಿ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಕೊನೆಗೆ ಕಾಗದವನ್ನು ಬದಿಗೆ ಸರಿಸಿ, "ಇವರು ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದರು.

"ಪಂಪು ರಿಪೇರಿ."

ಡಾಕ್ಟರು ಸ್ವಲ್ಪ ಯೋಚಿಸಿದರು. "ಸರಿ. ನಿಮ್ಮ ಈಲಿಯಲ್ಲಿ, ಅದೇ ಯಕೃತ್ತಿನಲ್ಲಿ, ಸಣ್ಣ ಸಣ್ಣ ಪೈಪುಗಳಿವೆ. ಅದರಲ್ಲಿ ಪಿತ್ತ ಹರಿಯುತ್ತದೆ. ಹುಳು ಆ ಪೈಪಿನ ಒಳಗೆ ಕೂರುತ್ತದೆ."

ಬುನ್‌ಮಾ ತಲೆಯೆತ್ತಿದ. "ಪೈಪಲ್ಲಾ? ಹೊಟ್ಟೇಲಿ ಅನ್ಕೊಂಡಿದ್ದೆ. ಎಷ್ಟು ಇಂಚಿಂದು?"

"ಇಂಚಲ್ಲ. ದಾರದಷ್ಟು."

"ಅಷ್ಟು ಸಣ್ಣದ್ರಲ್ಲಿ ಹುಳ ಕೂತ್ರೆ ಉಜ್ಜಲ್ವಾ?"

"ಉಜ್ಜುತ್ತದೆ. ವರ್ಷಗಟ್ಟಲೆ. ಅದಕ್ಕೇ ಪೈಪಿನ ಗೋಡೆ ಗಾಯವಾಗಿ, ಒಣಗಿ, ಮತ್ತೆ ಗಾಯವಾಗಿ ದಪ್ಪಗಾಗಿದೆ. ನಾನು ನೋಡಿದ್ದು ಅದನ್ನೇ."

ಬುನ್‌ಮಾ ಒಂದು ಕ್ಷಣ ತನ್ನ ಕೈಗಳನ್ನು ನೋಡಿಕೊಂಡ. ಗ್ರೀಸು ಉಗುರಿನ ಸಂದಿಯಲ್ಲಿ ಹಾಗೇ ಇತ್ತು. "ಬದಲಾಯ್ಸೋಕಾಗಲ್ವಾ ಪೈಪು?"

"ಆಗುವುದಿಲ್ಲ."

"ಮಾತ್ರೆ ತಗೊಂಡ್ರೆ?"

"ಹುಳು ಸಾಯುತ್ತದೆ. ದಪ್ಪಗಾದ ಗೋಡೆ ಹಾಗೇ ಇರುತ್ತದೆ. ಮತ್ತೆ ಹುಳು ಹೋದರೆ ಮತ್ತೆ ಉಜ್ಜುತ್ತದೆ."

ಯಾವತ್ತೂ ಭಾವನ ಹೆಸರೆತ್ತದ ಬುನ್‌ಮಾ ಈಗ ತಾನಾಗಿ ಕೇಳಿದ: "ನಮ್ ಭಾವಂಗೆ ಬಂದಿದ್ದು ಇದೇನಾ?"

"ಅಲ್ಲ," ಎಂದರು ಡಾಕ್ಟರು. ಒಂದು ಕ್ಷಣ ತಡೆದು, "ಇನ್ನೂ ಅಲ್ಲ," ಎಂದರು.

ಲಮ್ಯಾಯ್ ತಮ್ಮನ ಹೆಗಲ ಮೇಲೆ ಕೈಯಿಟ್ಟಳು. ಕೈ ತೆಗೆಯಲಿಲ್ಲ, ಅವನನ್ನು ಸುಮ್ಮನೆ ಬಿಡಲೂ ಇಲ್ಲ. "ಈಗ ನೀನು ಹೇಳು. ಡಾಕ್ಟ್ರು ಏನಂದ್ರು?"

"ಗೊತ್ತಾಯ್ತಲ್ಲಕ್ಕಾ..."

"ಹೇಳು."

ಬುನ್‌ಮಾ ಒಂದೊಂದಕ್ಕೂ ಒಂದೊಂದು ಬೆರಳು ಮಡಚುತ್ತಾ ಹೇಳಿದ. "ನನ್ನ ಪೈಪು ಹಾಳಾಗೋಕೆ ಶುರುವಾಗಿದೆ. ಒಡೆದಿಲ್ಲ. ಬದಲಾಯ್ಸೋ ಹಂಗಿಲ್ಲ, ಇರೋದನ್ನೇ ಉಳಿಸ್ಕೋಬೇಕು. ಆರು ತಿಂಗಳಿಗೊಂದ್ಸಲ ಬಿಚ್ಚಿ ನೋಡ್ಬೇಕು, ಅಂದ್ರೆ ಚಿತ್ರ ತೆಗಿಸ್ಬೇಕು, ಚೆನ್ನಾಗಿದೀನಿ ಅನ್ಸಿದ್ರೂ ಬರ್ಬೇಕು. ನಿಂಬೆ ಹಿಂಡಿದ್ರೂ ಹಸಿ ಹಸೀನೇ. ಬೆಂಕಿ ಕಾಣದ ಮೀನು ಬಾಯಿಗೆ ಹೋಗ್ಬಾರ್ದು." ಡಾಕ್ಟರ ಕಡೆ ನೋಡಿದ. "ಸರಿನಾ?"

"ನಾನು ನಿಂಬೆಯ ವಿಷಯ ಹೇಳಲೇ ಇಲ್ಲವಲ್ಲ," ಎಂದರು ಡಾಕ್ಟರು ಬೆರಗಿನಿಂದ.

"ಅದನ್ನ ಇವಳು ಹೇಳಿದ್ದು. ಬಾಣಲೇಲಿ."

ಡಾಕ್ಟರು ನಕ್ಕರು. ಬುನ್‌ಮಾ ನಗಲಿಲ್ಲ. ಕಾಗದವನ್ನು ಬಿಡಿಸಿ, ಮುಂದಿನ ತಾರೀಖಿನ ಮೇಲೆ ಬೆರಳಿಟ್ಟು, "ಇದು ಯಾವ ತಿಂಗಳು?" ಎಂದು ಕೇಳಿದ. ಡಾಕ್ಟರು ಹೇಳಿದರು. ಎರಡು ಸಲ ಅದನ್ನೇ ಬಾಯಲ್ಲಿ ಹೇಳಿಕೊಂಡು ಎದ್ದ.

ಅಂಗಳದ ಬಾಗಿಲ ಬಳಿ ಸವಾಟ್ ಚಪ್ಪಲಿ ಮೆಟ್ಟುತ್ತಿದ್ದ. ಬೆಳಿಗ್ಗೆಯೇ ಅವನ ಸರದಿ ಮುಗಿದಿತ್ತು. ಕಾಗದ ನಾಲ್ಕು ಮಡಿಕೆಯಾಗಿ ಸೊಂಟದ ಪಂಚೆಯಲ್ಲಿ ಸಿಕ್ಕಿಕೊಂಡಿತ್ತು. ಬುನ್‌ಮಾ ಅವನೆದುರು ಹೋಗಿ ನಿಂತ.

"ದೊಡ್ಡಪ್ಪಾ, ನಿಮ್ಮ ಕಾಗ್ದದಲ್ಲಿ ಏನಿದೆ?"

"ಏನೋ ಇದೆ. ಡಾಕ್ಟ್ರು ಹೇಳಿದ್ರು."

"ಏನಂದ್ರು?"

"ಒಳ್ಳೇದೇ ಅಂದ್ರು ಅನ್ಸುತ್ತೆ. ಹೂಂ ಅಂದೆ."

"ಹೂಂ ಅಂತ ಬಂದ್ಬಿಟ್ರಾ? ಚಪ್ಲಿ ಬಿಡಿ. ವಾಪಸ್ ನಡೀರಿ."

ಸವಾಟ್ ಸಹಾಯ ಕೇಳುವಂತೆ ಲಮ್ಯಾಯಳ ಕಡೆ ನೋಡಿದ. "ಏಯ್, ನೀನೇ ಕೇಳಮ್ಮಾ ನನ್ನ ಪರವಾಗಿ. ನಿನ್ನ ಬಾಯಿ ಜೋರಿದೆ."

"ಹೊಟ್ಟೆ ನಿಮ್ದು ದೊಡ್ಡಪ್ಪಾ. ನೀವೇ ಕೇಳಿ."

ಅವನ ಹಿಂದೆ ಇನ್ನಿಬ್ಬರು ಹೆಂಗಸರು ಚೀಲದಿಂದ ತಮ್ಮ ಕಾಗದ ಹೊರತೆಗೆದಿದ್ದರು. ಮುದುಕ ಚಪ್ಪಲಿ ಬಿಟ್ಟ. ನಿಧಾನವಾಗಿ ನಡೆದು ಮೇಜಿನ ಮುಂದೆ ನಿಂತ. ಡಾಕ್ಟರು ಕುರ್ಚಿ ತೋರಿಸಿದರು. ಕೂತು, ಕಾಗದ ಬಿಡಿಸಿ, ಎಪ್ಪತ್ತು ವರ್ಷದಲ್ಲಿ ಯಾವ ಬಿಳೀ ಕೋಟಿಗೂ ಆಡದ ಮಾತನ್ನು ಆಡಿದ.

"ಡಾಕ್ಟ್ರೇ, ನೀವು ಬೆಳಿಗ್ಗೆ ಹೇಳಿದ್ದು ನಂಗೆ ಅರ್ಥ ಆಗ್ಲಿಲ್ಲ."